ಹೊಗೆಗೆ ಕೂತವರು

ನಮ್ಮ ಬೀದಿಗೆ ಹೊಗೆ ಬರುವುದು ಹನ್ನೊಂದು ದಿನಕ್ಕೊಮ್ಮೆ. ಊರಿನಲ್ಲಿರುವುದು ಹನ್ನೊಂದು ಬೀದಿ, ದಿನಕ್ಕೊಂದು ಬೀದಿಯಂತೆ ಅದು ಸುತ್ತುತ್ತದೆ. ಕೆರೆಯ ಆಚೆಗಿನ ಕಾರ್ಖಾನೆಯಲ್ಲಿ ಹಳೇ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿನ ಸೈರನ್ನಿನ ಕೂಗಾದ ಮೇಲೆ ಚಿಮಣಿಯಿಂದ ಹೊರಟ ಹೊಗೆ ಮೇಲಕ್ಕೇರುವುದಿಲ್ಲ. ಕೆರೆ ಏರಿಯ ಮೇಲೆ ಇಳಿದು, ಅವತ್ತು ಯಾರ ಸರದಿಯೋ ಆ ಬೀದಿಗೆ ಮನುಷ್ಯರು ನಡೆಯುವಷ್ಟೇ ನಿಧಾನವಾಗಿ ಬರುತ್ತದೆ. ಪಕ್ಕದ ಬೀದಿಯಲ್ಲಿ ಒಣಗಲು ಹಾಕಿದ ಬಿಳಿ ಪಂಚೆಗೆ ಒಂದು ಕಲೆಯೂ ತಾಗುವುದಿಲ್ಲ. ಬಂದ ಬೀದಿಯಲ್ಲಿ ಮಾತ್ರ ಮನೆಮನೆಗೂ ಹೋಗುತ್ತದೆ, ಒಳಗೆ ಬಂದು ತಂಗುತ್ತದೆ, ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗುತ್ತದೆ. ಅದು ಹಾಗೆ ಎದ್ದು ಹೋಗಬೇಕಾದರೆ ಪ್ರತಿ ಮನೆಯ ಬಾಗಿಲು ತೆರೆದಿರಬೇಕು, ಒಳಗೆ ಒಬ್ಬರಾದರೂ ಕೂತಿರಬೇಕು. ನಮ್ಮ ಅಜ್ಜನ ಕಾಲದಲ್ಲಿ ಬಣಗಾರ ಬೀದಿಯವರೆಲ್ಲ ಒಂದು ಮದುವೆಗೆಂದು ಬೀಗ ಹಾಕಿಕೊಂಡು ಹೋಗಿದ್ದರಂತೆ. ಹೊಗೆ ಆ ಬೀದಿಯಲ್ಲಿ ಹತ್ತೊಂಬತ್ತು ದಿನ ಕದಲಲಿಲ್ಲವಂತೆ. ಆಮೇಲೆ ಯಾವ ಬೀದಿಯವರೂ ಬೀಗ ಹಾಕಿಲ್ಲ.

ಹಾಗೆ ಕೂರಲು ಮನೆಗೊಬ್ಬರು ಗೊತ್ತಾಗಿರುತ್ತಾರೆ. ಉಳಿದವರು ಬೆಳಗಿನ ಎಂಟಕ್ಕೇ ಬುತ್ತಿ ಕಟ್ಟಿಕೊಂಡು, ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಹೊಗೆನಂಟರ ಮನೆಗೆ ಹೊರಡುತ್ತಾರೆ. ಪ್ರತಿ ಮನೆಗೂ ಬೇರೆ ಬೀದಿಯಲ್ಲಿ ಅಂಥದೊಂದು ಮನೆ ಇರುತ್ತದೆ. ನಮ್ಮ ದಿನ ನಾವು ಅಲ್ಲಿಗೆ, ಅವರ ದಿನ ಅವರು ಇಲ್ಲಿಗೆ. ಹೆಣ್ಣು ನೋಡುವಾಗ ನಮ್ಮಲ್ಲಿ ಜಾತಕಕ್ಕಿಂತ ಮೊದಲು ಬೀದಿ ಕೇಳುತ್ತಾರೆ. ಕೂರುವವರನ್ನು ಕೂತಮ್ಮ, ಕೂತಪ್ಪ ಎಂದು ಗೌರವದಿಂದ ಕರೆಯುತ್ತೇವೆ. ಮದುವೆ ಮನೆಯಲ್ಲಿ ಮೊದಲ ಎಲೆ ಅವರಿಗೇ ಹಾಕುತ್ತಾರೆ. ಅವರ ಎಲೆಯ ಪಕ್ಕದಲ್ಲಿ ಮಾತ್ರ ಯಾರೂ ಕೂರುವುದಿಲ್ಲ. ನೂರು ಮನೆಯಲ್ಲಿ ಎಂಬತ್ತಕ್ಕೆ ಹೆಂಗಸರೇ ಕೂತಿರುತ್ತಾರೆ. ಯಾಕೆ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ನಮ್ಮ ಮನೆಯಲ್ಲಿ ಮೊದಲು ಅವ್ವ ಕೂರುತ್ತಿದ್ದಳು. ಅವ್ವನ ಎರಡೂ ಕೈ ಮಣಿಕಟ್ಟಿನ ಹತ್ತಿರ ಸೋತು, ನೀರು ಕಾಣದ ಬಳ್ಳಿಯ ಹಾಗೆ ಜೋತುಬಿದ್ದ ವರ್ಷ ಅಪ್ಪ ನನ್ನ ಅಕ್ಕ ಹಾಲಮ್ಮನನ್ನು ಕರೆದು, "ಕೊಟ್ರನ ಓದು ಮುಗಿಯೋ ತನಕ ನೀನು ಕೂರವ್ವ, ಆಮೇಲೆ ನೋಡೋಣ" ಎಂದ. ಅಕ್ಕನಿಗೆ ಹತ್ತೊಂಬತ್ತು, ನನಗೆ ಎಂಟು. ನನ್ನ ಓದು ಮುಗಿಯಿತು. ಜಿಲ್ಲಾ ಕೇಂದ್ರಕ್ಕೆ ಹೋಗಿ ರಕ್ತಪರೀಕ್ಷೆಯ ಕೋರ್ಸು ಮುಗಿಸಿಕೊಂಡು ಬಂದು ಊರಿನ ಆಸ್ಪತ್ರೆಯ ಲ್ಯಾಬಿಗೆ ಸೇರಿದೆ. ಅಪ್ಪ, ಅವ್ವ ಇಬ್ಬರೂ ಹೋದರು. ನನ್ನನ್ನು ಮದುವೆಯಾಗಿ ಸುಮಂಗಳ ಮನೆಗೆ ಬಂದಳು, ಮಗಳು ವಿನುತ ಹುಟ್ಟಿದಳು. ಅಕ್ಕನಿಗೆ ಸಂಬಂಧಗಳು ಬಂದವು. ಹುಡುಗನ ಕಡೆಯವರು ಮಾತಾಡಿಸುವ ನೆಪದಲ್ಲಿ ಅವಳ ಬಾಯಿ ನೋಡುತ್ತಿದ್ದರು. ಹೊಗೆಗೆ ಕೂತವರ ಒಸಡಿನ ಅಂಚಿಗೆ ಸೀಸದ ಕಡ್ಡಿಯಿಂದ ಎಳೆದ ಹಾಗೆ ತೆಳ್ಳಗೆ ಒಂದು ನೀಲಿ ಗೆರೆ ಬಂದಿರುತ್ತದೆ. ಅಕ್ಕ ನಗುವುದನ್ನು ಬಿಟ್ಟಳು, ಸಂಬಂಧಗಳು ಬರುವುದನ್ನು ಬಿಟ್ಟವು. ಆಮೇಲೆ ನೋಡೋಣ ಎಂದಿದ್ದನ್ನು ಯಾರೂ ನೋಡಲಿಲ್ಲ. ಹೀಗೆ ಮೂವತ್ತೆರಡು ವರ್ಷ ಆಯಿತು.

ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೇ. ಬೆರಳಿಂದಲೋ ತೋಳಿಂದಲೋ ರಕ್ತ ತೆಗೆದು, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು. ಒಳ್ಳೆಯ ರಕ್ತದ ಕೆಂಪುಕಣ ಹೆಬ್ಬೆರಳಿಂದ ಅದುಮಿದ ಹಿಟ್ಟಿನ ಬಿಲ್ಲೆಯ ಹಾಗಿರುತ್ತದೆ, ಅಂಚು ದಪ್ಪ, ನಡುವೆ ತೆಳು. ಅದರೊಳಗೆ ಏನೂ ಇರಬಾರದು. ಹೊಗೆಗೆ ಕೂತವರ ಕಣಗಳಲ್ಲಿ ಸಾಸಿವೆಗಿಂತ ಸಣ್ಣ ನೀಲಿ ಚುಕ್ಕೆಗಳಿರುತ್ತವೆ, ರವೆ ಉದುರಿಸಿದ ಹಾಗೆ. ಕಣದ ಹುಟ್ಟಿನ ಕಸ ಅದು. ಎಳೆಯ ಕಣ ಬೆಳೆಯುವಾಗ ಆ ಕಸವನ್ನು ತಾನೇ ಗುಡಿಸಿಕೊಳ್ಳಬೇಕು. ಸೀಸ ಸೇರಿದ ಮೈಯಲ್ಲಿ ಅದು ಆಗುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಇದನ್ನು ಕಂಡು, ಆಗ ಇದ್ದ ಹಳೇ ಡಾಕ್ಟರಿಗೆ ಹೇಳಿದ್ದೆ. ಅವರು ಮೇಜಿನ ಖಾನೆಯಿಂದ ಒಂದು ರಬ್ಬರ್ ಸ್ಟಾಂಪು ತೆಗೆದುಕೊಟ್ಟರು. ಅದರಲ್ಲಿ 'ರೂಢಿಯಂತೆ' ಎಂದಿತ್ತು. ಹದಿನೇಳು ವರ್ಷ ಆ ಸ್ಟಾಂಪು ಒತ್ತಿದೆ. ಊರಿನ ಅರ್ಧ ಜನದ ರಕ್ತ ನೋಡಿದ್ದೇನೆ. ಅಕ್ಕನ ರಕ್ತವನ್ನು ಮಾತ್ರ ಒಂದು ಸಲವೂ ನೋಡಿರಲಿಲ್ಲ.

ಹೋದ ವರ್ಷ ಹಳೇ ಡಾಕ್ಟರು ನಿವೃತ್ತರಾಗಿ ಫರ್ಜಾನಾ ಅನ್ನುವ ಹೊಸ ಡಾಕ್ಟರು ಬಂದರು. ಹೊರಗಿನವರು. ನಾಲ್ಕನೆಯ ಬೀದಿಯಲ್ಲಿ ಕ್ವಾರ್ಟರ್ಸು ಕೊಟ್ಟಿದ್ದರು, ಜೊತೆಗೆ ಯಾರೂ ಇರಲಿಲ್ಲ. ಆ ಬೀದಿಯ ದಿನ ಬಂದಾಗ ಆಸ್ಪತ್ರೆಯ ಆಯಾ "ನಾನು ಕೂರ್ತೀನಿ ಬಿಡ್ರಿ ಮೇಡಂ, ನಮಗೆ ರೂಢಿ ಐತೆ" ಎಂದಳು. ಡಾಕ್ಟರು ಒಪ್ಪದೆ ತಾವೇ ಕೂತರು. ಮರುದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ನನ್ನ ಮೇಜಿನ ಮುಂದೆ ನಿಂತು, "ಬಾಯೆಲ್ಲ ಸಿಹಿ ಸಿಹಿ, ತುಕ್ಕು ನೆಕ್ಕಿದ ಹಾಗೆ. ಇದನ್ನು ಜನ ವರ್ಷಗಟ್ಟಲೆ ಕೂತು ಕುಡಿಯುತ್ತಾರಾ ಕೊಟ್ರೇಶ್?" ಎಂದರು. ಆಮೇಲೆ ಹಳೆಯ ವರದಿಗಳ ಕಟ್ಟು ಬಿಚ್ಚಿ ಒಂದೊಂದೇ ತಿರುವುತ್ತಾ ಹೋದರು. "ರೂಢಿಯಂತೆ, ರೂಢಿಯಂತೆ. ಏನಿದು?" ನಾನು ಗಾಜಿನ ಪಟ್ಟಿ ಇಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದರು. ತಲೆ ಎತ್ತದೆಯೇ, "ನಿಮ್ಮ ಮನೆಯಲ್ಲಿ ಯಾರು ಕೂರುತ್ತಾರೆ?" ಎಂದು ಕೇಳಿದರು. ಹೇಳಿದೆ. "ಕರೆದುಕೊಂಡು ಬನ್ನಿ."

ನಾನು ಕರೆದುಕೊಂಡು ಹೋಗಲಿಲ್ಲ. ನಾಳೆ, ನಾಡಿದ್ದು ಎಂದು ಎರಡು ತಿಂಗಳು ತಳ್ಳಿದೆ. ಒಂದು ದಿನ ಮಧ್ಯಾಹ್ನ ರೊಟ್ಟಿ ಸುಡುತ್ತಿದ್ದ ಅಕ್ಕನ ಕೈಯಿಂದ ಹಂಚು ಜಾರಿ ಕಾಲ ಮೇಲೆ ಬಿತ್ತು. ಬಿದ್ದ ಹಂಚನ್ನು ಎತ್ತಲು ಹೋದರೆ ಬಲಗೈ ಮೇಲೇಳಲಿಲ್ಲ, ಅವ್ವನ ಕೈಯ ಹಾಗೆಯೇ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿತ್ತು. ಸುಮಂಗಳ ಆಟೋ ತರಿಸಿ ಅವಳನ್ನು ಆಸ್ಪತ್ರೆಗೆ ಕರೆತಂದಳು. ಅಕ್ಕ ನನ್ನ ಮುಂದಿನ ಸ್ಟೂಲಿನ ಮೇಲೆ ಕೂತು ಎಡಗೈ ಚಾಚಿದಳು. ನರ ಸಿಗಲಿಲ್ಲ, ಎರಡು ಸಲ ಚುಚ್ಚಿದೆ.

ಅವತ್ತು ಗಾಜಿನ ಪಟ್ಟಿಯ ಮೇಲೆ ಕಂಡದ್ದನ್ನು ಏನೆಂದು ಹೇಳಲಿ. ಮೈಕ್ರೋಸ್ಕೋಪಿನ ಕೆಳಗೆ ಪಟ್ಟಿಯನ್ನು ಎಲ್ಲಿಗೆ ಸರಿಸಿದರೂ ಚುಕ್ಕೆ ಇಲ್ಲದ ಕಣ ಹುಡುಕಬೇಕಾಗಿತ್ತು. ಕಣಗಳೂ ಕಡಿಮೆ, ಇದ್ದವೂ ಬಿಳಿಚಿಕೊಂಡಿದ್ದವು. ಉಳಿದ ರಕ್ತವನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಿದೆವು. ವಾರದ ಮೇಲೆ ವರದಿ ಬಂದಾಗ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. "ಹಾಲಮ್ಮನವರೇ, ನಿಮ್ಮ ಎರಡು ಮೂತ್ರಪಿಂಡ ಸೇರಿ ಈಗ ಕಾಲುಭಾಗ ಕೆಲಸ ಮಾಡುತ್ತಿವೆ. ಬಿಪಿ ಹೆಚ್ಚಿದೆ. ಮೈಗೆ ಸೇರಿದ ಸೀಸ ಎಲ್ಲೂ ಹೋಗಿಲ್ಲ, ಸುಣ್ಣ ಇರಬೇಕಾದ ಕಡೆ ಮೂಳೆಯೊಳಗೆ ಹೋಗಿ ಕೂತಿದೆ. ಔಷಧಿಯಿಂದ ಸ್ವಲ್ಪ ತೆಗೆಯಬಹುದು, ಎಲ್ಲ ಆಗುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ, ಹೊಸದು ಒಳಗೆ ಹೋಗಬಾರದು. ಇನ್ನು ಒಂದು ದಿನವೂ ಕೂರಬೇಡಿ."

ಅಕ್ಕ ಅದನ್ನೆಲ್ಲ ಬೇರೆ ಯಾರದೋ ವಿಷಯ ಎಂಬಂತೆ ಕೇಳಿಸಿಕೊಂಡಳು. ಎದ್ದು ಸೆರಗು ಸರಿಮಾಡಿಕೊಂಡು, "ಹಂಗಾದ್ರೆ ಗುರುವಾರ ಯಾರು ಕೂರಾದು ಮೇಡಂ?" ಎಂದಳು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಮನೆಯಲ್ಲಿ ಆ ರಾತ್ರಿ ಊಟದ ಹೊತ್ತಿಗೆ ಯಾರೂ ಆ ಮಾತು ಎತ್ತಲಿಲ್ಲ. ವಿನುತಳಿಗೆ ಹದಿನೈದು, ಅವಳ ಮಾತೇ ಇಲ್ಲ. ಉಳಿದವರು ನಾನು, ಸುಮಂಗಳ. ಮರುದಿನ ಬೆಳಿಗ್ಗೆ ನಾನು ಸರದಿ ಸಮಿತಿಯ ಅಧ್ಯಕ್ಷ ಗುಡ್ಡಪ್ಪನವರ ಮನೆಗೆ ಹೋದೆ. ಯಾವ ಮನೆಯಲ್ಲಿ ಯಾರು ಕೂರುತ್ತಾರೆ ಎಂಬ ಪಟ್ಟಿ ಇರುವುದು ಅವರ ಹತ್ತಿರ. ಅವರು ಕಾಫಿ ಕೊಟ್ಟು ಸಮಾಧಾನದ ದನಿಯಲ್ಲಿ, "ಇದಕ್ಯಾಕೆ ತಲೆ ಕೆಡಿಸ್ಕೊಂತೀಯ? ನಮ್ಮನೇಲಿ ಕೂರಾದು ನಮ್ಮನೆಯವರಾ? ಕೆರೆ ಅಂಗಳದಲ್ಲಿ ಗುಡಾರ ಹಾಕ್ಕೊಂಡಾರಲ್ಲ, ಅವರಲ್ಲಿ ಒಬ್ಬರನ್ನ ಕರಕೊಂಡು ಬರ್ತೀವಿ. ಒಂದಿಷ್ಟು ಜೋಳ ಕೊಟ್ರೆ ಆತು. ನಿಮ್ಮನಿಗೂ ಒಬ್ಬಾಕಿನ ಕಳಿಸ್ತೀನಿ, ಹೋಗು" ಎಂದರು.

ನಾನು ಒಪ್ಪಿಕೊಂಡೆ. ಇದನ್ನು ಬರೆಯುವಾಗ ಒಪ್ಪಲಿಲ್ಲ ಎಂದು ಬರೆಯಬಹುದಿತ್ತು. ಆದರೆ ಅವತ್ತು ಅಧ್ಯಕ್ಷರ ಮನೆಯ ಮೆಟ್ಟಿಲು ಇಳಿಯುವಾಗ ನನ್ನ ಎದೆ ಹಗುರಾಗಿತ್ತು. ಗುಡಾರದವರ ರಕ್ತವನ್ನೂ ನಾನು ನೋಡಿದ್ದೆ, ಅವರ ವರದಿಯ ಮೇಲೂ ಸ್ಟಾಂಪು ಒತ್ತಿದ್ದೆ. ಗೊತ್ತಿದ್ದೇ ಒಪ್ಪಿಕೊಂಡೆ.

ಗುರುವಾರ ಏಳೂವರೆಗೆ ಆಕೆ ಬಂದಳು. ದುರ್ಗಿ ಎಂದು ಹೆಸರು, ಇಪ್ಪತ್ತೆರಡು ಇಪ್ಪತ್ಮೂರರ ಹೆಂಗಸು, ಸೆರಗನ್ನು ಮೈತುಂಬ ಹೊದ್ದಿದ್ದಳು. ಅಕ್ಕ ಅವಳಿಗೆ ಎಲ್ಲಿ ಕೂರಬೇಕು, ಕುಡಿಯುವ ನೀರಿನ ಗಡಿಗೆಗೆ ಬಟ್ಟೆ ಹೇಗೆ ಕಟ್ಟಬೇಕು, ಹೊಗೆ ಎದ್ದ ಮೇಲೆ ಒದ್ದೆ ಬಟ್ಟೆಯಿಂದ ಮೊದಲು ಏನನ್ನು ಒರೆಸಬೇಕು ಎಂದೆಲ್ಲ ತೋರಿಸುತ್ತಿದ್ದಳು. ಎಂಟಾಯಿತು. ನಾವು ಮೂವರು ಬುತ್ತಿ ಹಿಡಿದು ಹೊರಟೆವು. ಅಕ್ಕ "ನೀವು ನಡೀರಿ, ಇನ್ನೊಂದಿಷ್ಟು ಹೇಳಿ ಬರ್ತೀನಿ" ಎಂದಳು. ಹೊಗೆನಂಟರ ಮನೆ ಮುಟ್ಟಿ ಅರ್ಧ ಗಂಟೆಯಾದ ಮೇಲೆ ಬಂದವಳು ಅಕ್ಕ ಅಲ್ಲ, ದುರ್ಗಿ. ಬಾಗಿಲಲ್ಲಿ ನಿಂತು, "ಅಮ್ಮಾರು ನನ್ನನ್ನ ಇಲ್ಲಿಗೆ ಹೋಗು ಅಂದ್ರು. ನಂಗೆ ಐದು ತಿಂಗಳು ಅಂತ ಗೊತ್ತಾತು ಅವರಿಗೆ. ನಾನು ಹೇಳಿರ್ಲಿಲ್ಲ, ಅವರೇ ಕೇಳಿದ್ರು" ಎಂದಳು. ಒಳಗೆ ಬರಲು ಹಿಂಜರಿಯುತ್ತಿದ್ದಳು. ಸುಮಂಗಳ ಎದ್ದು ಹೋಗಿ ಕೈ ಹಿಡಿದು ಒಳಗೆ ಕರೆದು ಕೂರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ದನಿ ಎತ್ತದೆ, "ಅತ್ತಿಗೆ ಕೂತಾರೆ. ನೀವು ಇಲ್ಲಿ ಏನು ಮಾಡ್ತಿದೀರಿ?" ಎಂದಳು.

ಒಂಬತ್ತರ ಕೂಗು ಆಗಿಹೋಗಿತ್ತು. ನಾನು ಹೋಗುವಷ್ಟರಲ್ಲಿ ಹೊಗೆ ನಮ್ಮ ಬೀದಿಯ ಮೂರನೆಯ ಮನೆಗೆ ಬಂದಿತ್ತು. ಸರದಿಯ ದಿನ ನನ್ನ ಬೀದಿಯನ್ನು ನಾನು ನೋಡಿದ್ದು ನಲವತ್ತು ವರ್ಷದಲ್ಲಿ ಅದೇ ಮೊದಲು. ನಾಯಿಗಳೂ ಇರಲಿಲ್ಲ. ಬಾಗಿಲುಗಳೆಲ್ಲ ತೆರೆದಿದ್ದವು, ಒಂದೊಂದರಲ್ಲೂ ಒಬ್ಬೊಬ್ಬರು. ದರ್ಜಿ ಮೈಬೂಬಣ್ಣನ ತಾಯಿ ತಸ್ಬಿಯ ಜಪಮಣಿ ಎಣಿಸುತ್ತಾ ಕೂತಿದ್ದಳು. ಪಕ್ಕದ ಮನೆಯ ಗಂಗವ್ವ ಅವರೆಕಾಯಿ ಸುಲಿಯುತ್ತಾ ಇದ್ದವಳು ನನ್ನನ್ನು ಕಂಡು ಕೈ ನಿಲ್ಲಿಸಿದಳು. ನೆಲದಿಂದ ಮೊಣಕಾಲೆತ್ತರಕ್ಕೆ ಬೂದುಬಣ್ಣದ್ದು ನನ್ನ ಜೊತೆಜೊತೆಗೇ ನಡೆದು ಬಂತು, ನಾಲಿಗೆಯ ಮೇಲೆ ಸಿಹಿ ಕೂತಿತು.

ಅಕ್ಕ ನಡುಮನೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಹಂಚು ಬಿದ್ದ ಗಾಯಕ್ಕೆ ಕಟ್ಟಿದ ಬಟ್ಟೆ ಹಾಗೆಯೇ ಇತ್ತು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ.

"ಏಳು" ಎಂದೆ.

"ಇಬ್ಬರು ಕೂತ್ರೆ ಬೇಗ ಹೋಗಲ್ಲ ಅದು. ಸುಮ್ಮನೆ ನೀನೂ ಕುಡಿಬೇಡ. ಹೋಗು."

"ನಾನು ಕೂರ್ತೀನಿ. ನೀನು ಹೋಗಬೇಕು."

"ಎಲ್ಲಿಗೆ ಹೋಗ್ಲಿ? ಈ ದಿನ ಎಲ್ಲಿಗೆ ಹೋಗ್ಬೇಕು ಅಂತ ನಂಗೆ ಗೊತ್ತೇ ಇಲ್ವಲ್ಲ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ನಿಜವಾಗಿ ಗೊತ್ತಿಲ್ಲದವರ ಹಾಗೆ ಹೇಳಿದಳು.

ನಾನು ಅವಳ ಎದುರಿಗೆ ಕೂತೆ. ಹೊಗೆ ಒಳಗೆ ಬಂತು. ಮೊದಲು ದೇವರ ಕೋಣೆಗೆ ಹೋಯಿತು, ಆಮೇಲೆ ಅಡಿಗೆಮನೆಗೆ, ಕಡೆಗೆ ನಡುಮನೆಗೆ ಬಂದು ನಮ್ಮಿಬ್ಬರ ನಡುವೆ ತಂಗಿತು. ಅಕ್ಕ ಅದನ್ನು ನೋಡುವುದನ್ನೂ ಬಿಟ್ಟಿದ್ದಳು. "ಮೊದಮೊದಲು ಒಂದು ಹತ್ತು ವರ್ಷ ಸಿಟ್ಟು ಇತ್ತು ಕಣೋ ನಂಗೆ. ಅಪ್ಪನ ಮೇಲೆ, ನಿನ್ನ ಮೇಲೆ. ನೀನು ಪಾಸಾದಾಗೆಲ್ಲ ಇನ್ನೊಂದು ವರ್ಷ ಆತು ಅಂತ ಎಣಿಸ್ತಿದ್ದೆ. ಆಮೇಲೆ ಸಿಟ್ಟು ಮಾಡೋಕೂ ಶಕ್ತಿ ಬೇಕಲ್ಲ. ಸುಸ್ತಾತು, ಬಿಟ್ಟೆ" ಎಂದಳು. ಕಾಲಿನ ಗಾಯದ ಬಟ್ಟೆಯನ್ನು ಎಡಗೈಯಿಂದ ಸರಿಮಾಡಿಕೊಂಡಳು. "ಒಂದು ಮಾತು ಕೇಳ್ಲಾ? ಊರವರ ರಕ್ತ ಎಲ್ಲ ನೋಡ್ತೀಯ. ಇಷ್ಟು ವರ್ಷದಾಗೆ ನಂದು ಯಾಕೆ ನೋಡ್ಲಿಲ್ಲ?"

ಈ ಪ್ರಶ್ನೆಗೆ ನಾನು ವರ್ಷಗಳಿಂದ ಬೇರೆ ಬೇರೆ ಉತ್ತರ ಮಾಡಿಟ್ಟುಕೊಂಡಿದ್ದೆ. ಅಕ್ಕ ಹುಷಾರಾಗಿದ್ದಾಳೆ, ಕೇಳಿದರೆ ಹೆದರುತ್ತಾಳೆ, ಗೊತ್ತಾಗಿ ಮಾಡುವುದೇನು, ಹೀಗೆ. ಅವತ್ತು ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ನೋಡಿದ್ರೆ ನಾನು ಕೂರಬೇಕಾಗ್ತಿತ್ತು" ಎಂದೆ.

ಅಕ್ಕ ತಲೆಯಾಡಿಸಿದಳು. ಉತ್ತರ ಸರಿಯಾಗಿದೆ ಎಂದು ಒಪ್ಪಿಕೊಂಡ ಮೇಷ್ಟರ ಹಾಗೆ. ಆಮೇಲೆ ಎಡಗೈಯನ್ನು ನನ್ನ ಕಡೆ ಚಾಚಿ, "ಎಬ್ಬಿಸು ಹಂಗಾದ್ರೆ" ಎಂದಳು. ಎಬ್ಬಿಸಿದೆ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಕುಂಟುತ್ತಾ ಹೋದಳು. ಗಂಗವ್ವ ಏನೋ ಕೇಳಿದ್ದು ಕೇಳಿಸಿತು, ಅಕ್ಕ ಅದಕ್ಕೆ ಏನು ಹೇಳಿದಳೋ ಕೇಳಿಸಲಿಲ್ಲ.

ಆ ದಿನ ನಾನು ಒಬ್ಬನೇ ಕೂತೆ. ಕೂರುವುದು ಸುಲಭದ ಕೆಲಸ ಎಂದು ಊರೆಲ್ಲ ಅಂದುಕೊಂಡಿದೆ. ಹತ್ತು ಗಂಟೆಗೆ ತಲೆ ಹಿಡಿಯಿತು, ಹನ್ನೆರಡಕ್ಕೆ ಹೊಟ್ಟೆ ಹಿಂಡಿತು, ಬಾಗಿಲಾಚೆ ಹೋಗುವಂತಿಲ್ಲ, ಮಲಗುವಂತಿಲ್ಲ. ಓದೋಣವೆಂದು ತೆಗೆದುಕೊಂಡ ಪತ್ರಿಕೆಯ ಅಕ್ಷರಗಳ ಮೇಲೆ ಧೂಳು ಇಳಿಯುತ್ತಿತ್ತು. ದೀಪದ ಹೊತ್ತಿಗೆ ಹೊಗೆ ಎದ್ದು ಹೋಯಿತು. ಆಗ ಶುರುವಾಯಿತು ಒರೆಸುವುದು. ನೆಲ, ಕಿಟಕಿಯ ಸರಳು, ಡಬ್ಬಿಗಳ ಮುಚ್ಚಳ, ವಿನುತಳ ಪುಸ್ತಕಗಳು, ಕನ್ನಡಿ. ಬಟ್ಟೆ ಹಿಂಡಿದರೆ ನೀರು ಬೂದಿಯ ಬಣ್ಣ. ಏಳು ಸಲ ನೀರು ಬದಲಾಯಿಸಿದೆ, ಎಂಟನೆಯ ಸಲವೂ ತಿಳಿಯಾಗಲಿಲ್ಲ. ನಾವು ನಗುತ್ತಾ ಮಾತಾಡುತ್ತಾ ತಿರುಗಿ ಬರುವಾಗ ಮನೆ ಥಳಥಳ ಹೊಳೆಯುತ್ತಿದ್ದುದು ಯಾಕೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಹೊಗೆನಂಟರ ಮನೆಯಲ್ಲಿ ಅವತ್ತು ಏನಾಯಿತೆಂದು ಸುಮಂಗಳ ಆಮೇಲೆ ಹೇಳಿದಳು. ಕೂತಮ್ಮ ಬಂದಳೆಂದು ಅವರು ಗಾಬರಿಯಾಗಿ, ಚಾಪೆ ಹಾಸಿ, ಒಬ್ಬಳನ್ನೇ ಪಡಸಾಲೆಯ ನಡುವೆ ಕೂರಿಸಿದರಂತೆ. ಅಕ್ಕ ಸ್ವಲ್ಪ ಹೊತ್ತು ಕೂತಿದ್ದು, "ನಂಗೆ ಕೂತೂ ಕೂತೂ ಸಾಕಾಗೈತೆ" ಎಂದು ಎದ್ದು ಅಡಿಗೆಮನೆಗೆ ಹೋಗಿ, ದುರ್ಗಿಯ ಪಕ್ಕ ನಿಂತು ಎಡಗೈಯಲ್ಲೇ ಹಿಟ್ಟು ನಾದಿದಳಂತೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಸುತ್ತು ನಾನು, ಒಂದು ಸುತ್ತು ಸುಮಂಗಳ. ಅವಳು ಕೂರುವುದು ಬೇಡವೆಂದೆ. ಬಸುರಿಯರು, ಇನ್ನು ಮಕ್ಕಳು ಹೆರುವವರು ಕೂರಲೇಬಾರದು ಎಂದು ಡಾಕ್ಟರು ಹೇಳಿದ್ದರು. "ನಂದು ಆಪರೇಷನ್ ಆಗಿ ಹದಿಮೂರು ವರ್ಷ ಆತು. ಇನ್ನು ಅತ್ತಿಗೆ ಒಬ್ಬರ ಬದಲಿಗೆ ನೀವೊಬ್ಬರು ಕೂತ್ರೆ ಏನು ಬಂತು? ಅದೂ ಹಂಗೇ ಆತಲ್ಲ" ಎಂದಳು.

ಲ್ಯಾಬಿನಲ್ಲಿ ನಾನು ಸ್ಟಾಂಪನ್ನು ಡಾಕ್ಟರ ಕೈಗೆ ಕೊಟ್ಟುಬಿಟ್ಟೆ. ನೂರು ಕಣಗಳಲ್ಲಿ ಎಷ್ಟಕ್ಕೆ ಚುಕ್ಕೆ ಇದೆ ಎಂಬುದನ್ನು ವರದಿಯಲ್ಲಿ ಅಂಕಿಯಾಗಿ ಬರೆಯತೊಡಗಿದೆ. ಜನ ಕಾಗದ ಹಿಡಿದುಕೊಂಡು ವಾಪಸು ಬಂದರು. "ಇದೇನಿದು ಹೊಸದು? ಮುಂಚೆ ರೂಢಿಯಂತೆ ಅಂತ ಇರ್ತಿತ್ತಲ್ಲ?" ಬಾಯಲ್ಲಿ ಹೇಳಿದರೆ ಅರ್ಥವಾಗುತ್ತಿರಲಿಲ್ಲ. ಸ್ಟೂಲು ಎಳೆದು, "ನೀವೇ ನೋಡ್ರಿ" ಎಂದೆ. ಮೊದಲ ದಿನ ನಾಲ್ಕು ಜನ ನೋಡಿದರು, ತಿಂಗಳು ಕಳೆಯುವುದರಲ್ಲಿ ಕಾರಿಡಾರಿನಲ್ಲಿ ಸಾಲು ನಿಲ್ಲುವಂತಾಯಿತು. ತಾಯಿಯ ರಕ್ತ ನೋಡಲು ಬಂದ ಮಕ್ಕಳು, ಹೆಂಡತಿಯ ರಕ್ತ ನೋಡಲು ಬಂದ ಗಂಡಂದಿರು. ನೋಡಿದವರು ಕನ್ನಡಕ ಒರೆಸಿಕೊಂಡು ಹೊರಗೆ ಹೋಗಿ ಮರದ ಕೆಳಗೆ ಕೂರುತ್ತಿದ್ದರು.

ಗುಡ್ಡಪ್ಪನವರು ಬಂದದ್ದು ಜಗಳಕ್ಕೆ. "ಊರು ಒಡಿಬೇಡ ಕೊಟ್ರೇಶಿ. ಈಗಾಗ್ಲೇ ಆರು ಮನೇಲಿ ನಾವು ಕೂರಲ್ಲ ಅಂತ ಹೆಂಗಸರು ಹಟ ಹಿಡಿದಾರೆ. ಬಣಗಾರ ಬೀದಿದು ಮತ್ತೆ ಆಗ್ಬೇಕಾ?" ಎಂದರು. ಡಾಕ್ಟರು ಅವರ ಬಿಪಿ ನೋಡುವ ನೆಪದಲ್ಲಿ ರಕ್ತವನ್ನೂ ತೆಗೆಸಿದರು. ಗಾಜಿನ ಪಟ್ಟಿ ತಯಾರು ಮಾಡಿ ಅವರನ್ನೇ ಕೂರಿಸಿದೆ. ಅಧ್ಯಕ್ಷರು ಒಂದು ಕಣ್ಣು ಮುಚ್ಚಿ ನೋಡಿದರು. "ಇದು ಯಾರ್ದು?"

"ನಿಮ್ಮದೇ."

"ನಾನು ಒಂದು ದಿನಾನೂ ಕೂತಿಲ್ಲ."

"ಹೊಗೆ ಎದ್ದು ಹೋದ ಮೇಲೆ ಉಳಿದಿದ್ದನ್ನ ನೀವೂ ತಿಂತೀರಲ್ಲ ಅಧ್ಯಕ್ಷರೇ. ಎಷ್ಟು ಒರೆಸಿದ್ರೂ ಪೂರ್ತಿ ಹೋಗಲ್ಲ ಅದು. ನಾನು ಒರೆಸಿ ನೋಡಿದೀನಿ."

ಅವರು ಮತ್ತೆ ಬಗ್ಗಿ ನೋಡಿದರು. ಕೂತವರಷ್ಟು ಇರಲಿಲ್ಲ, ಆದರೆ ಇತ್ತು. ಅವರದ್ದೂ ಇತ್ತು, ನನ್ನದೂ ಇತ್ತು, ಹೆಚ್ಚುಕಡಿಮೆ ಎಲ್ಲರದ್ದೂ ಇತ್ತು. ಒಬ್ಬರನ್ನು ಬಾಗಿಲಲ್ಲಿ ಕೂರಿಸಿ ಉಳಿದವರು ಉಳಿದುಕೊಂಡೆವು ಎಂದು ನಾವು ತಿಳಿದದ್ದು ಪೂರ್ತಿ ನಿಜವಾಗಿರಲಿಲ್ಲ. ಮನೆಗೊಬ್ಬರು ಸುಮ್ಮನೆ ಕೂತಿದ್ದರಿಂದ ಉಳಿದವರು ಸುಮ್ಮನಿರಲು ಸಾಧ್ಯವಾಗಿತ್ತು, ಅಷ್ಟೆ.

ಆಮೇಲೆ ನಡೆದದ್ದಕ್ಕೆ ಏಳೆಂಟು ತಿಂಗಳು ಹಿಡಿಯಿತು. ಮೊದಲು ಕೂತಮ್ಮಂದಿರೇ ಹೋಗಿ ಕಾರ್ಖಾನೆಯ ಗೇಟಿನ ಮುಂದೆ ಕೂತರು. ಕೂರುವುದು ಅವರಿಗೆ ಗೊತ್ತಿದ್ದ ಕೆಲಸ. ಎರಡನೆಯ ವಾರ ಅವರವರ ಮನೆಯವರು ಬುತ್ತಿ ತೆಗೆದುಕೊಂಡು ಹೋಗಿ ಅಲ್ಲೇ ಕೂತರು. ಗುಡ್ಡಪ್ಪನವರು ಬಂದದ್ದು ಬಹಳ ತಡವಾಗಿ, ಆದರೆ ಬಂದರು. ಕಾರ್ಖಾನೆಯವರು ಮೊದಲು ಗೇಟು ತೆರೆಯಲಿಲ್ಲ, ಆಮೇಲೆ ಪೊಲೀಸರನ್ನು ಕರೆಸಿದರು, ಆಮೇಲೆ ಪರಿಶೀಲಿಸುತ್ತೇವೆ ಎಂದು ಪತ್ರ ಬರೆದರು, ಇನ್ನೂ ಆಮೇಲೆ ಮಾತಿಗೆ ಕರೆದರು. ನಾವು ಗೆದ್ದೆವು ಎಂದು ಹೇಳಲಾರೆ. ಚಿಮಣಿಗೆ ಹೋಗುವ ದಾರಿಯಲ್ಲಿ ಉದ್ದುದ್ದನೆಯ ಬಟ್ಟೆಯ ಸೋಸುಚೀಲಗಳನ್ನು ಹಾಕಿದ್ದಾರೆ. ಪ್ರತಿ ಸುತ್ತಿನಲ್ಲೂ ಎರಡು ದಿನ ಕುಲುಮೆ ಆರಿಸುತ್ತಾರೆ, ಹಾಗಾಗಿ ಸುತ್ತು ಈಗ ಹದಿಮೂರು ದಿನದ್ದು. ಹೊಗೆ ತೆಳ್ಳಗಾಗಿದೆ, ಮಧ್ಯಾಹ್ನ ಮೂರಕ್ಕೆಲ್ಲ ಎದ್ದು ಹೋಗುತ್ತದೆ. ಆದರೆ ಬರುತ್ತದೆ. ಕೂರುವವರ ಪಟ್ಟಿಯಲ್ಲಿ ಈಗ ಒಂದೊಂದು ಮನೆಗೆ ಮೂರು ನಾಲ್ಕು ಹೆಸರು ಇವೆ, ಗುಡ್ಡಪ್ಪನವರ ಮನೆಯ ಮುಂದೆ ಅವರದೇ ಹೆಸರು. ಗುಡಾರದವರನ್ನು ಯಾರೂ ಕರೆಯುವಂತಿಲ್ಲ ಎಂದು ಸಮಿತಿಯಲ್ಲಿ ಬರೆದುಕೊಂಡಿದ್ದೇವೆ. ದುರ್ಗಿಗೆ ಹೆಣ್ಣುಮಗು ಹುಟ್ಟಿತು. ತೂಕ ಸ್ವಲ್ಪ ಕಡಿಮೆ, ಉಳಿದಂತೆ ಚೆನ್ನಾಗಿದೆ.

ಅಕ್ಕನ ಬಲಗೈ ಅರ್ಧ ಮರಳಿದೆ. ಲೋಟ ಹಿಡಿಯುತ್ತಾಳೆ, ತುಂಬಿದ ಬಿಂದಿಗೆ ಆಗುವುದಿಲ್ಲ. ಮೂತ್ರಪಿಂಡ ಇನ್ನಷ್ಟು ಸೋತಿದೆ. ತಿಂಗಳಿಗೊಮ್ಮೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಮುಂದೆ ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಹೋಗಬೇಕಾಗುತ್ತದೆ ಎಂದಿದ್ದಾರೆ. ಉಪ್ಪು ಬಿಟ್ಟಿದ್ದಾಳೆ. ಇಷ್ಟು ವರ್ಷ ಉಪ್ಪು ಹುಳಿ ತಿಂದು ಏನು ಕಂಡೆ ಎನ್ನುತ್ತಾಳೆ. ಹೊಗೆನಂಟರ ಮನೆಗೆ ಹೋಗುವ ದಿನ ಬೇಗ ಎದ್ದು ತಲೆ ಬಾಚಿಕೊಳ್ಳುತ್ತಾಳೆ.

ಮೊನ್ನೆ ಅವಳ ರಕ್ತ ನೋಡುವ ದಿನ ನನ್ನದನ್ನೂ ತೆಗೆದಿದ್ದೆ. ಲ್ಯಾಬಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳ ಚುಕ್ಕೆಗಳು ಮೊದಲಿಗಿಂತ ಬಹಳ ಕಡಿಮೆಯಾಗಿದ್ದವು. ನನ್ನ ರಕ್ತದಲ್ಲಿ, ಒಂದು ವರ್ಷ ಕೂತದ್ದಕ್ಕೆ, ಮೊದಲಿಗಿಂತ ಹೆಚ್ಚಾಗಿದ್ದವು. ಅಕ್ಕ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ನನ್ನ ಮುಖ ನೋಡಿ ಒಳಗೆ ಬಂದಳು. ಊರೆಲ್ಲ ಬಂದು ನೋಡಿಹೋದರೂ ಅವಳು ಮಾತ್ರ ಒಂದು ಸಲವೂ ಆ ಯಂತ್ರದೊಳಗೆ ಬಗ್ಗಿ ನೋಡಿರಲಿಲ್ಲ. "ತೋರಿಸು" ಎಂದಳು.

ಸ್ಟೂಲು ಬಿಟ್ಟುಕೊಟ್ಟೆ. ಎಡಗೈಯಿಂದ ಮೇಜು ಹಿಡಿದು ಬಗ್ಗಿದಳು. ಮೊದಲು ಏನೂ ಕಾಣಿಸುವುದಿಲ್ಲ ಎಂದಳು, ನಾನು ತಿರುಪು ಸರಿಮಾಡಿದೆ. ಆಮೇಲೆ ಬಹಳ ಹೊತ್ತು ಅಲುಗಾಡದೆ ನೋಡಿದಳು.

"ಇದು ನಿಂದಾ?"

"ಹೂಂ."

"ಈ ನೀಲಿ ನೀಲಿ ಪುಡಿ?"

"ಅದೇ."

ಅಕ್ಕ ತಲೆ ಎತ್ತಿದಳು. ಕಣ್ಣು ಉಜ್ಜಿಕೊಂಡು ನನ್ನನ್ನು ನೋಡಿದಳು.

"ಇಷ್ಟೇನಾ ಕೊಟ್ರ? ಇದನ್ನ ನೋಡೋಕೆ ಇಷ್ಟು ವರ್ಷ ಹೆದರಿದ್ಯಾ?"

ಅವಳು ನನ್ನ ಭುಜ ಹಿಡಿದುಕೊಂಡು ಎದ್ದಳು. ಭುಜದ ಮೇಲೆ ಇಟ್ಟಿದ್ದು ಸೋತ ಕೈ, ಅದರ ಭಾರ ಒಂದು ಹಕ್ಕಿಯಷ್ಟೂ ಇರಲಿಲ್ಲ. "ನಡಿ, ನಿಧಾನಕ್ಕೆ ಹೋಗಣ" ಎಂದಳು. ನಾವು ಹಾಗೆಯೇ ಬೀದಿಗಿಳಿದೆವು.